ಎಂಟನೇ ಸೇಬು

ವರ್ಷಕ್ಕ ಇಬ್ರು ಬರ್ತಾರ.
ಪುಣೆ ಸುತ್ತ ಸೈಟು ಬದಲಾಗ್ತಾವ, ಖೋಲಿ ಅದೇ, ತಗಡು ಅವೇ.
ಆ ತಗಡಿನ ಮುಂದ ರಿಕ್ಷಾ ನಿಂತು
ಉದ್ದನ್ನ ಕಾಲೊಂದು ಮೊದಲು ಇಳೀತದ.
ಬಂದವರೆಲ್ಲ ಮೊದಲ ದಿನ ಹಲಗಿ ಮ್ಯಾಲ
ಸೇಬು ತಗೀತಾರ.
ಎಲ್ಲಾ ದೇಶದಾಗೂ ಅದೊಂದೇ ಹಣ್ಣು ಬೆಳೀತದೋ ಏನೋ.

ನಾನು ಕೀಲಿ ಕಾಯಾಕಿ. ಮೊದಲು ಇಟ್ಟಂಗಿ ಹೊರ್ತಿದ್ದೆ,
ಸೊಂಟ ಹೋದ ಮ್ಯಾಲ ಮಕ್ಕಳ ಮೂಗು ಒರಸೋ ಕೆಲಸಕ್ಕ ಹಾಕ್ಯಾರ.
ಹಿಂದ ಕುಂತು ಏಳು ಸೇಬು ನೋಡೀನಿ.
ಒಂದು ಬದನಿಕಾಯಿ ಹಂಗಿತ್ತು.
ಒಬ್ಬಾವ ಹುಳ ಸೈತ ಇಟ್ಟಿದ್ದ, ನಗೋ ಹುಳ.

ಎಂಟನೇದಾಕಿ ಯೊನ್ನಾ. ಪುನಾವಳೆ ಸೈಟಿಗಿ ಬಂದಾಗ
ಮೂಗು ಬಿಸಲಿಗಿ ಸುಲದಿತ್ತು.
ಖಡು ಹಿಡಕೊಂಡು ತಿರುಗಿ, ಇದೇನು ಅಂತ ಕೇಳಿದಳು.
ಒಬ್ಬರೂ ಬಾಯಿ ಬಿಡಲಿಲ್ಲ.
ದೇವಿಂದ್ರ ಗದ್ದಕ್ಕ ಕೈ ಹಚ್ಚಿ ವಿಚಾರ ಮಾಡಿದ.
ಸಾಬಮ್ಮ ತಲಿ ಕೆರಕೊಂಡಳು.
ಆಕಿ ಹೇಳಿಕೊಟ್ಟ ಮ್ಯಾಲ ಎಲ್ಲರೂ ಒಮ್ಮೆಲೇ
ಆ‍್ಯಪಲ್! ಅಂತ ಕೂಗಿದರು,
ಈಗಷ್ಟೇ ಗಿಡದಿಂದ ಬಿತ್ತೇನೋ ಅನ್ನೋ ಹಂಗ.

ಸಂಜಿಗಿ ಕೇಳಿದೆ, ಯಾಕ್ರೋ ಈ ನಾಟಕ?
ದೇವಿಂದ್ರ ಅಂದ: "ಪಾಪ ಬಿಡು ಯವ್ವಾ, ಇಮಾನದಾಗ ಬಂದಾಳ.
ಗೊತ್ತದ ಅಂದ್ರ ಮತ್ತೇನು ಮಾಡ್ತಾಳಾಕಿ
ಆರು ತಿಂಗಳು?"

ಹತ್ತೊಂಬತ್ತು ವರ್ಷದ ಹುಡುಗಿ.
ಮೊದಲ ವಾರ ಹೊಟ್ಟಿ ಹಿಡಕೊಂಡು, ಸಿಮೆಂಟ್ ಚೀಲದ ಮರಿಗಿ ಕುಂತು
ಅವ್ವಗ ಫೋನು ಹಚ್ಚಿ ಅತ್ತಳು.
ಅಳೋ ಭಾಷಾ ನನಗ ತಿಳೀತದ. ಮಜ್ಜಿಗಿ ಕೊಟ್ಟೆ.
ಆಕಿ ಊರಾಗ ಥಂಡಿಗಾಲಕ್ಕ ಮಧ್ಯಾಹ್ನ ಮೂರಕ್ಕೇ ಕತ್ತಲಂತ.
ಅರ್ಧ ಹಿಂದಿಯೊಳಗ, ಅರ್ಧ ಕೈಯೊಳಗ ಹೇಳಿದಳು.
"ಕರೆಂಟು ಹೋಗ್ತದಾ?" ಸಾಬಮ್ಮ ಕೇಳಿದಳು.
"ಸೂರ್ಯಾಂದೇ ಹೋಗ್ತದ ಅಂತಾಳ," ಅಂದ ದೇವಿಂದ್ರ,
"ಬಿಲ್ಲು ಕಟ್ಟಿರಾಕಿಲ್ಲ."

ಯುಗಾದಿ ಮುಂದ ಸುರಪುರದ ಕಡಿಂದ ಹೊಸ ಗುಂಪು ಬಂತು.
ಯಂಕಮ್ಮ, ಐದು ವರ್ಷದಾಕಿ,
ಮೂರು ದಿನ ಬಾಗಿಲಾಗೇ ನಿಂತಳು, ಒಂದು ಕಾಲು ಒಳಗ, ಒಂದು ಹೊರಗ.
ಆಕಿ ಸಲುವಾಗಿ ಯೊನ್ನಾ ಮತ್ತೊಮ್ಮೆ ಸೇಬು ತಗದಳು.
ಉಳದವರು ನಾಟಕಕ್ಕ ಮಾರಿ ಸಜ್ಜು ಮಾಡಿಕೊಳ್ಳೋದರೊಳಗ
ಯಂಕಮ್ಮ ಖರೇನೇ ಹೇಳಿಬಿಟ್ಟಳು:
"ಉಳ್ಳಾಗಡ್ಡಿ."

ನಕ್ಕವು ಪೋರಗೋಳು. ಯೊನ್ನಾ ನನ್ನ ಕಡಿ ನೋಡಿದಳು.
ಒಲಿ ಹಂತೇಲಿದ್ದ ಒಂದು ಗಡ್ಡಿ ತಂದು ಆಕಿ ಕೈಯಾಗ ಇಟ್ಟೆ.
ತಿರುಗಿಸಿ, ಮೂಸಿ, ಹಲಗಿ ಒರಸಿಬಿಟ್ಟಳು.
ಬಾಲ್ಕನಿಗಿ ಬಳದು ಉಳದ ಕೆಂಪು ಬಣ್ಣ ಪೇಂಟರನ ಹತ್ರ ಇಸಕೊಂಡು
ತಗಡಿನ ಮ್ಯಾಲೇ ತಗದಳು, ಆಳೆತ್ತರದ ಉಳ್ಳಾಗಡ್ಡಿ,
ಕೆಳಗ ಬೇರು, ಮೀಸಿ ಹಂಗ.
ಬಾಜೂಕ ಯಾವ ಅಕ್ಷರ ಬರೀಬೇಕು ಅಂತ ಕೇಳಿದಳು.
ನನ್ನ.
ಏಳು ಮಂದಿ ಬಂದು ಹೋಗ್ಯಾರ.
ಕೀಲಿ ಎಲ್ಲದ ಅನ್ನೋದು ಬಿಟ್ಟು ಯಾರೂ ನನ್ನ ಏನೂ ಕೇಳಿರಲಿಲ್ಲ.
ಮೂರನೇ ಇಯತ್ತಾ ಓದೀನಿ. ಬ್ರಶ್ ಹಿಡದು ಉ ಬರದೆ.
ಬಾಲ ಜರಾ ಉದ್ದಾಯ್ತು. ಸೋರಿ ನೆಲತನಕ ಬಂತು.

ಮೇ ತಿಂಗಳಿಗಿ ಆಕಿ ಹೋದಳು. ಜೂನಕ್ಕ ಬಿಲ್ಡಿಂಗು ಮುಗೀತು.
ಖೋಲಿ ಇದ್ದ ಜಾಗಾದಾಗ ಈಜೋ ಹೊಂಡ ತೋಡ್ಯಾರ.
ತಗಡು ಬಿಚ್ಚಿ ಟೆಂಪೋಕ್ಕ ಹೇರಿ, ಗಂಟು ಹೇರಿ, ನಾವೂ ಹತ್ತಿ
ಮೋಶಿ ಕಡಿ ಹೊಂಟೀವಿ.
ಹೇರಿದವರು ಆ ತಗಡು ತಲಿಕೆಳಗ ನಿಲ್ಲಿಸ್ಯಾರ.
ಬೇರು ಮ್ಯಾಲ ಬಂದದ, ತೊಟ್ಟಿನ ಹಂಗ.
"ನೋಡು," ಅಂದ ದೇವಿಂದ್ರ, "ಮತ್ತ ಸೇಬೇ ಆಯ್ತು."
ಯಂಕಮ್ಮ ಮೊಣಕಾಲ ನಡುವ ತಲಿ ಇಟ್ಟು
ತಾನೇ ತಲಿಕೆಳಗಾಗಿ ನೋಡಿದಳು.
"ಉಳ್ಳಾಗಡ್ಡಿ."
"ಸೇಬು."
"ಉ," ಅಂದಳು ಆಕಿ, "ಉ ಅದ ನೋಡು ಬಾಜೂಕ."
ಮೋಶಿ ಬರೋತನಕ ಇಬ್ರೂ ಬಿಡಲಿಲ್ಲ.