ಹನಿ ಕಳೆಯುವ ಲೆಕ್ಕ

ಜುಲ್ಮಿರಾ, ಬಾಗಿಲು ತೆಗೆ. ನಾನು, ಕೆಳಗಿನ ಮನೆ ಎರ್ಮೆಲಿಂಡಾ.
ಮಾತ್ರೆ ಡಬ್ಬಿಯನ್ನು ಕಸಕ್ಕೆ ಎಸೆದೆಯಂತೆ,
ಮೀನಂಗಡಿಯ ಸಾಲಿನಲ್ಲಿ ನಿಂತು ಮಾತೊಸಿನ್ಯೊಸ್‌ಗೆಲ್ಲ ಸಾರಿದೆಯಂತೆ:
ಇವತ್ತಿಗೆ ಮುಗಿಯಿತು, ಇನ್ನೊಂದು ಮುಟ್ಟಿದರೆ ಕೇಳಿ ಅಂತ.
ಮೊದಲು ಆ ಡಬ್ಬಿ ಹುಡುಕು.
ಕಾಫಿ ಬೇಡ, ಬಿಸಿನೀರು ಸಾಕು,
ಮಾರ್ಚಿಯಿಂದ ಅದಕ್ಕೂ ನನಗೂ ಮಾತಿಲ್ಲ.

ನಾನೂ ಹೀಗೇ ಎದೆಯುಬ್ಬಿಸಿದವಳು.
ಕಾರ್ಖಾನೆ ಮುಚ್ಚಿದ ವರ್ಷ.
ನಾಲ್ಕನೆಯ ದಿನ ಮೆಟ್ರೋದಲ್ಲಿ,
ಮಾರುಕಟ್ಟೆಗೆ ಇನ್ನೊಂದೇ ನಿಲ್ದಾಣ ಇರುವಾಗ,
ಕೈಕಾಲು ಸೆಟೆದು ಬಿದ್ದೆ.
ಎಚ್ಚರವಾದಾಗ ಬಾಯಿತುಂಬ ರಕ್ತ, ಕಾಲಲ್ಲಿ ಒಂದೇ ಚಪ್ಪಲಿ,
ಯಾರದೋ ಮಗು ನನ್ನನ್ನು ನೋಡಿ ಅಳುತ್ತಿತ್ತು.
ಆಸ್ಪತ್ರೆಯವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ಮತ್ತೆ ಅದೇ ಮಾತ್ರೆ,
ಮತ್ತೆ ಹನ್ನೊಂದು ವರ್ಷ.

ಶುರುವಾದದ್ದು ಹೇಗೆಂದು ನಿನಗೆ ಗೊತ್ತು.
ಫೆಬ್ರವರಿಯಲ್ಲಿ ದೋಣಿ ಬರಲಿಲ್ಲ,
ದೋಣಿಯೊಳಗಿದ್ದ ತಮ್ಮ ಸೆಲೆಸ್ತೀನೊ ಬರಲಿಲ್ಲ.
ಎರಡು ವಾರ ತೆಗೆದುಕೊಳ್ಳಿ, ನಿದ್ದೆ ಬರುತ್ತದೆ, ಅಂದರು ಅಂದಿನ ಡಾಕ್ಟರು.
ಬಂತು ನಿದ್ದೆ. ಸುಳ್ಳು ಯಾಕೆ ಹೇಳಲಿ.
ಆ ಎರಡು ವಾರ ಇಪ್ಪತ್ತಾರು ವರ್ಷ ಎಳೆಯಿತು.

ಈಗಿನವರು ಗ್ರಾಸಾ, ಹುಡುಗಿ, ಉಗುರು ಕಚ್ಚುತ್ತಾರೆ.
ಆತುರ ನಿಮಗೂ ಬೇಡ, ನನಗೂ ಬೇಡ, ಅಂದರು.
ಹತ್ತರಲ್ಲೊಂದು ಪಾಲು ಕಡಿಮೆ ಮಾಡೋಣ,
ಕೆಲವು ವಾರ ಮೈ ಏನನ್ನುತ್ತದೋ ಕೇಳೋಣ, ಆಮೇಲೆ ಮುಂದಿನದು.
ಹತ್ತರಲ್ಲೊಂದೇ! ನಕ್ಕೆ.
ಮೂವತ್ತು ವರ್ಷ ಸಾರ್ಡೀನ್ ಮೀನಿನ ತಲೆ ತೆಗೆದ ಕೈ ಇದು,
ಕಣ್ಣು ಮುಚ್ಚಿ, ಪಕ್ಕದವಳ ಜೊತೆ ಜಗಳವಾಡುತ್ತ, ಒಂದು ಕೂದಲು ತಪ್ಪದೆ.
ಆ ಬಿಳಿ ಗುಂಡಿಯೆದುರು ಸೋತಿತು.
ಒಂದು ದಿನ ಅರ್ಧಕ್ಕೇ ಮುರಿಯಿತು,
ಒಂದು ದಿನ ಬರೀ ಹಿಟ್ಟು. ಬೆರಳಿಂದ ಒತ್ತಿ ನೆಕ್ಕಿದೆ,
ಮೇಜಿನ ಉಪ್ಪೂ ಸೇರಿ.

ಅದಕ್ಕೇ ಹನಿ ಔಷಧಿಗೆ ಬದಲಾಯಿಸಿದರು.
ಔಷಧದಂಗಡಿಯ ಗಾಸ್ಪಾರ್ ಸೀಸೆ ಓರೆ ಹಿಡಿದು ತೋರಿಸಿಕೊಟ್ಟ,
ಮೊಮ್ಮಗ ಅಜ್ಜಿಗೆ ಕಲಿಸುವ ಹಾಗೆ.
ಮೂವತ್ತು. ಇಪ್ಪತ್ತೇಳು.
ಫ್ರಿಜ್ಜಿನ ಬಾಗಿಲಿಗೆ ಕಾಗದ, ಕಾಗದಕ್ಕೆ ಪೆನ್ಸಿಲ್ ಕಟ್ಟಿದ ದಾರ.

ಹನಿ ಹನಿ ಕೂಡಿದರೆ ಹಳ್ಳ, ಸರಿ.
ಹನಿ ಹನಿ ಕಳೆದರೆ?
ತಳದ ಕಲ್ಲುಗಳು ಒಂದೊಂದಾಗಿ ತಲೆಯೆತ್ತುತ್ತವೆ, ಜುಲ್ಮಿರಾ.
ಹಾಸಿಗೆ ಮರಳಾಗುತ್ತದೆ.
ಫ್ರಿಜ್ಜಿನ ಸದ್ದು ದೋಣಿಯ ಎಂಜಿನ್ನಿನಂತೆ ರಾತ್ರಿಯೆಲ್ಲ.
ಸತ್ತುಹೋಗಿದ್ದ ಮೂಗಿಗೆ ಒಂದು ಬೆಳಿಗ್ಗೆ
ಎಣ್ಣೆ ಕಾದ ವಾಸನೆ ಬಡಿದು, ನಿಂತಲ್ಲೇ ಅತ್ತೆ.
ಇಪ್ಪತ್ತೆರಡನೆಯ ಹನಿಯಲ್ಲಿ ತಮ್ಮನ ದನಿ ಬಂತು.
ಮುಖ ನೆನಪಿತ್ತು, ದನಿ ಮರೆತೇಹೋಗಿತ್ತು.
ಏನೂ ದೊಡ್ಡ ಮಾತಲ್ಲ,
ನನ್ನ ಟೋಪಿ ಎಲ್ಲಿಟ್ಟೆ ಅಕ್ಕಾ, ಅಷ್ಟೆ.

ಅಲ್ಲೇ ನಿಂತುಬಿಟ್ಟೆ, ಏಳು ವಾರ.
ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ.
ನಾಚಿಕೆಯಾಯಿತು ಅಂದೆ ಗ್ರಾಸಾಗೆ.
ಮೆಟ್ಟಿಲ ಮೇಲೆ ಕೂತವಳು ಬಿದ್ದವಳಲ್ಲ, ಅಂದರು,
ಅಂದವರೇ ಉಗುರು ಕಚ್ಚಿಕೊಂಡರು.

ಈಗ ಹನ್ನೊಂದು. ಗೆದ್ದೆ ಅನ್ನುತ್ತಿಲ್ಲ.
ಸೊನ್ನೆ ಮುಟ್ಟುತ್ತೇನೋ, ನಾಲ್ಕರಲ್ಲೇ ಉಳಿಯುತ್ತೇನೋ, ಯಾರಿಗೆ ಗೊತ್ತು.
ನಿನ್ನೆ ರಾತ್ರಿ ಮೂರು ಗಂಟೆ ನಿದ್ದೆ,
ಹರಕಲು, ಅಲ್ಲಲ್ಲಿ ತೇಪೆ,
ಆದರೆ ನನ್ನದು,
ಯಾರ ಅಂಗಡಿಯಿಂದಲೂ ತಂದದ್ದಲ್ಲ.

ನಿನ್ನ ಕೈ ಆಗಲೇ ನಡುಗುತ್ತಿದೆ, ಬಚ್ಚಿಡಬೇಡ.
ಎರಡು ದಿನವಾಯಿತೇ? ಮೂರೇ?
ಆರೋಗ್ಯ ಕೇಂದ್ರ ಇನ್ನೂ ತೆರೆದಿದೆ, ಗ್ರಾಸಾಗೆ ಫೋನ್ ಮಾಡಿದ್ದೇನೆ,
ಈಗಲೇ ಕರೆತನ್ನಿ ಅಂದರು.
ಸಿಕ್ಕಿತೇ ಡಬ್ಬಿ? ಕೊಡು ಇಲ್ಲಿ.
ಈರುಳ್ಳಿ ಸಿಪ್ಪೆ ಅಂಟಿದೆ, ಒರೆಸುತ್ತೇನೆ.
ನಿನ್ನ ಕೋಟು ಎಲ್ಲಿ?