ಚದರಡಿಗೆ ಹದಿನೆಂಟು ರೂಪಾಯಿ

ಫ್ಲೆಕ್ಸ್ ಬಂದು ಬ್ರಷ್ಷು ಒಣಗಿದ ಮೇಲೆ
ಲಾರಿಗಳ ಬೆನ್ನಿಗೆ ‘ಹಾರನ್ ಮಾಡಿ’ ಬರೆದುಕೊಂಡಿದ್ದವನಿಗೆ
ದುದ್ದದಾಚೆ, ಕಲ್ಲಳ್ಳಿಕೊಪ್ಪಲಿನ
ಅಂಗನವಾಡಿ ಗೋಡೆ ಸಿಕ್ಕಿತು:
ನಾಲ್ಕು ನೀತಿಕತೆ, ಚದರಡಿಗೆ ಹದಿನೆಂಟು ರೂಪಾಯಿ.
ಬಣ್ಣ ನನ್ನದು, ಏಣಿ ಪಂಚಾಯಿತಿಯದು,
ಮೂರನೇ ಮೆಟ್ಟಿಲು ಯಾರದೆಂದು ತಿಳಿಯದು,
ಅದು ಇರಲಿಲ್ಲ.

ಮೊದಲು ದ್ರಾಕ್ಷಿ ಬರೆದೆ, ಕೆಳಗೆ ನರಿ.
“ಮ್ಯಾಲೆ ಅದೇನು, ಹಸ್ರು ಗೋಲಿನಾ?” ಅಂದವು ಮಕ್ಕಳು.
ಅವರೂರಿನ ಫಸಲೆಲ್ಲ ನೆಲದೊಳಗಿನ ಆಲೂಗೆಡ್ಡೆ;
ನೆಗೆದರೆ ಸಿಗುವಂಥದಲ್ಲ, ಬಗೆದರೆ ಸಿಗುವುದು.
ಹಾರಿ ಹಾರಿ ಸೋತ ನರಿ
ಹುಳಿ ಅಂದುಕೊಂಡು ಹೊರಟಿತಂತೆ ಎಂದು
ಪುಟ್ಟಲಕ್ಷ್ಮಮ್ಮ ಮಿಸ್ಸು ಹೇಳಿದ್ದೇ ತಡ,
ಮೂಗು ಸುರಿಸುತ್ತಿದ್ದವನೊಬ್ಬ ಎದ್ದು ನಿಂತ:
“ನಮ್ ಚಿಕ್ಕಪ್ಪನೂ ಹಂಗೇ ಅಂತು, ಡೈರಿ ಎಲೆಕ್ಷನ್ ಸೋತಾಗ.”

ಆಮೇಲೆ ಸಿಂಹ, ಇಲಿ, ಬಲೆ.
ಹಳೇಬೀಡಿನ ಕಲ್ಲುಸಿಂಹಗಳ ಸಾಲು ನೋಡಿ ಪಳಗಿದ ಕೈ ನನ್ನದು.
ಅವಕ್ಕೆ ಸುರುಳಿ ಕೂದಲು, ಬಾಯ್ತುಂಬ ನಗು.
ನನ್ನ ಸಿಂಹಕ್ಕೂ ನಗು ಬಂದುಬಿಟ್ಟಿತು,
ಬಲೆಯೊಳಗೇ.
ಇಲಿ ಒಂದೇ ಗಂಭೀರ.

ಮೂರನೆಯದು, ಕೋಲು ಕಚ್ಚಿ ಹಾರಿದ ಆಮೆ.
ಆಚೆಗೊಂದು ಹಂಸ, ಈಚೆಗೊಂದು ಹಂಸ,
ಕೆಳಗೆ ಬೊಟ್ಟು ಮಾಡಿ ನಗುವ ಊರು.
ಬಾಯಿ ಬಿಟ್ಟರೆ ಬಿದ್ದೆ.
ಇದನ್ನು ಬರೆದವನು ನಾನೇ ಆದರೂ
ಬಿಲ್ಲು ಕೇಳಲು ಆಫೀಸಿನ ಮೆಟ್ಟಿಲು ಹತ್ತಿದಾಗಲೆಲ್ಲ
ಹಲ್ಲಿನ ನಡುವೆ ಕೋಲೊಂದು ಇರುತ್ತಿತ್ತು.

ನಾಲ್ಕನೆಯದಕ್ಕೆ ಹೊತ್ತು ಮುಳುಗಿತು.
ಕಾಗೆ ಬಂತು, ಹೂಜಿ ಬಂತು,
ಒಳಗಿನದು ಕಾಣಲೆಂದು ಹೂಜಿಯ ಹೊಟ್ಟೆ ಸೀಳಿ
ತಳದಲ್ಲಿ ನಾಲ್ಕು ಬೆರಳು ನೀಲಿ ನೀರು.
ಕಲ್ಲು ಬರೆಯಲು ಬೂದು ಬಣ್ಣ ಉಳಿದಿರಲಿಲ್ಲ,
ಹಾಸನದ ಕೊನೇ ಬಸ್ಸು ಅರಳಿಕಟ್ಟೆ ಬಳಿ ಕೂಗುತ್ತಿತ್ತು.
ನಾಳೆ ಬಂದು ಬರೆದರಾಯ್ತು, ಅಂದುಕೊಂಡೆ.
ಆ ನಾಳೆ ನಿಮಗೂ ಗೊತ್ತು.

ಐದು ತಿಂಗಳು.
ಇಂಜಿನಿಯರ್ ಅಳತೆ ಆಗಬೇಕು ಅಂದರು,
ಅಳತೆಯಾದ ಮೇಲೆ ಫೋಟೋ ಅಂದರು,
ಫೋಟೋದಲ್ಲಿ ಗೋಡೆ ಇದೆ, ಊರಿನ ಹೆಸರಿಲ್ಲ ಅಂದರು.
ಹೆಸರು ಬರೆಯಲು ಡಬ್ಬಿ ಬ್ರಷ್ಷು ಹಿಡಿದು ಹೋದೆ.

ಹೂಜಿಯ ಕೆಳಗೆ, ಗೋಡೆಗೆ ಆನಿಸಿ,
ಮೊಣಕಾಲುದ್ದ ಕಲ್ಲಿನ ಗುಡ್ಡೆ.
ರೈಲ್ವೆ ಜಲ್ಲಿ, ಹೊಳೆಯ ನುಣುಪುಕಲ್ಲು,
ಒಡೆದ ಹೆಂಚಿನ ಮೂಲೆ, ಬಳಪದ ಚೂರು,
ನಡುವೆ ಒಂದು ಸುಕ್ಕಿದ ಆಲೂಗೆಡ್ಡೆ,
ಕಲ್ಲೆಂದೇ ತಂದದ್ದು, ಮೊಳಕೆ ಬಿಟ್ಟಿತ್ತು.

“ಹಂಸಿಕಾದು ಸಾರ್,” ಅಂದರು ಮಿಸ್ಸು,
“ದಿನಾ ಒಂದು. ಎತ್ತಿ ಹಾಕಿದರೆ ಊಟ ಬಿಡ್ತಾಳೆ.”
ಹೇಳುತ್ತಿದ್ದಂತೆಯೇ ಬಂದಳು, ಮುಷ್ಟಿ ಬಿಗಿದು.
ಬಿಚ್ಚಿ, ಗುಡ್ಡೆಯ ನೆತ್ತಿಗಿಟ್ಟು,
ತಪ್ಪು ನನ್ನದೆಂದು ಯಾರೋ ಹೇಳಿಕೊಟ್ಟವರ ಹಾಗೆ
ನೇರ ನನ್ನನ್ನೇ ಕೇಳಿದಳು:
“ಇಷ್ಟ್ ಹಾಕಿದೀನಿ, ನೀರ್ ಯಾಕೆ ಮ್ಯಾಕೆ ಬರಲ್ಲ?”

ಜಾಣತನ, ತಾಳ್ಮೆ, ಹನಿಗೂಡಿದರೆ ಹಳ್ಳ,
ಕತೆಯ ಕೊನೆಗೆ ಬರೆಯುವ ಮಾತೆಲ್ಲ ನಾಲಿಗೆಯ ತುದಿಗೆ ಬಂತು.
ಎಲ್ಲವೂ ಸುಳ್ಳೆನಿಸಿತು, ಆ ಗುಡ್ಡೆಯ ಮುಂದೆ.
ಸುಮ್ಮನೆ ಕುಕ್ಕರುಗಾಲಲ್ಲಿ ಕೂತು
ನೀಲಿ ಡಬ್ಬಿಯ ಮುಚ್ಚಳ ತೆಗೆದೆ.
ಹಳೆಯ ನೀರಿನ ಮೇಲೆ ಹೊಸ ನೀರು,
ಎರಡು ಬೆರಳು.
ಬಿಲ್ಲಿಗೆ ಅದನ್ನು ಸೇರಿಸಿಲ್ಲ.

ಅವಳು ಉಸಿರು ಬಿಗಿಹಿಡಿದು ನೋಡಿದಳು.
ಆಮೇಲೆ ನೀರಿನಿಂದ ಕೊಕ್ಕಿನವರೆಗೆ
ಬೆರಳ ಮೇಲೆ ಬೆರಳಿಟ್ಟು ಅಳೆದಳು,
ಇಂಜಿನಿಯರಿಗಿಂತ ನಿಧಾನವಾಗಿ.
ಅಂಗೈಗೆ ಹತ್ತಿದ ಹಸಿನೀಲಿಯನ್ನು ಲಂಗಕ್ಕೆ ಒರೆಸಿಕೊಂಡು
“ಇನ್ನಾರು ಕಲ್ಲು!” ಎಂದು
ಬೀದಿಗೆ ಓಡಿದಳು.