ಅಡ್ಡಿಲ್ಲ

ಸಾಣಿಕಟ್ಟಾ ಶಾಲೆಯಲ್ಲಿ, ಮತದಾನದ ಹಿಂದಿನ ರಾತ್ರಿ,
ಕಾಗಳಸಿ ಸಾರಿಗೆ ಉಪ್ಪು ಹಾಕಲು ಮರೆತಿದ್ದಳು ಬುದವಂತಿ.

ಮೊದಲ ತುತ್ತಿಗೇ ಗೊತ್ತಾಯಿತು, ನಾಲ್ವರಿಗೂ.
ಪ್ರಿಸೈಡಿಂಗ್ ಆಫೀಸರ್ ಶಾನಭಾಗರು ನನ್ನನ್ನು ನೋಡಿದರು,
ನಾನು ಹಳಿಯಾಳದ ಪೊಲೀಸ್ ಇನಾಸನನ್ನು,
ಇನಾಸ ಗೋಡೆಯ ಮೇಲಿನ ಕಾಗುಣಿತವನ್ನು.
ಅಹಲ್ಯಾ ಅಕ್ಕೋರು ಮಾತ್ರ, ಬಿ.ಪಿ. ಇದ್ದವರು,
ಅಪರೂಪಕ್ಕೆ ನಿಶ್ಚಿಂತೆಯಿಂದ ಉಣ್ಣುತ್ತಿದ್ದರು.

ಕಿಟಕಿಯಾಚೆ ಬೆಳದಿಂಗಳು.
ಆಗರದ ಕಟ್ಟೆಯುದ್ದಕ್ಕೂ ಉಪ್ಪಿನ ಗುಪ್ಪೆ,
ಒಂದೊಂದೂ ಆಳೆತ್ತರ, ಬೆಳ್ಳಗೆ.
ನಡೆದು ಹೋದರೆ ಒಂದು ಚಿಟಿಕೆ.
ಯಾರೂ ಏಳಲಿಲ್ಲ.
ಉಪ್ಪು ತಿಂದವ ನೀರು ಕುಡಿಯಬೇಕಂತೆ;
ತಿನ್ನದೆಯೇ ಕುಡಿದೆವು, ತುತ್ತಿಗೊಂದು ಗುಟುಕು.

ಬಾಗಿಲಲ್ಲಿ ನಿಂತು ಕೇಳಿದಳು: "ಹ್ಯಾಂಗಾಯ್ತ್ರಾ?"
"ಅಡ್ಡಿಲ್ಲ" ಅಂದರು ಶಾನಭಾಗರು.
"ಅಡ್ಡಿಲ್ಲ" ಅಂದೆ ನಾನು, ಅದು ಸಾಲದೆಂದು
"ಚೊಲೋ ಆಗಿದೆ" ಅಂದೆ, ಅದೂ ಸಾಲದೆಂದು
ಇನ್ನೊಂದು ಸೌಟು ಹಾಕಿಸಿಕೊಂಡೆ.

ಶಿರಸಿಯಲ್ಲಿ ನಮಗೆ ಇದೇ ರೂಢಿ.
ಅಡ್ಡಿಲ್ಲ ಅಂದರೆ ಹೌದು, ಅಡ್ಡಿಲ್ಲ ಅಂದರೆ ಬೇಡ.
ತೋಳು ಗಿಡ್ಡ ಹೊಲಿದ ದರ್ಜಿಗೆ ಅಡ್ಡಿಲ್ಲ,
ನೋವಾಯಿತೇ ಎಂದ ಹಲ್ಲಿನ ಡಾಕ್ಟರಿಗೆ
ಬಾಯಿ ತುಂಬ ಹತ್ತಿ ಇಟ್ಟುಕೊಂಡೇ ಅಡ್ಡಿಲ್ಲ.

ಹತ್ತು ಗಂಟೆಗೆ ಕಟ್ಟೆಯ ಮೇಲೆ ಒಂದು ಟಾರ್ಚು
ದುಡುದುಡು ಓಡಿ ಬಂತು.
ಅವಳು ಆಗಷ್ಟೇ ಉಂಡಿದ್ದಳು.
ಸೆರಗಿನ ಗಂಟು ಬಿಚ್ಚಿ, ಮತಯಂತ್ರದ ಪಕ್ಕದಲ್ಲಿ
ಹರಳುಪ್ಪು ಸುರುವಿದಳು:
"ನಾಕ್ ಜನ ಕಲ್ತವ್ರು. ಒಂದ್ ಬಾಯಿಗೂ ಬರ್ಲಿಲ್ವಾ?
ಉಪ್ಪಿನ ಊರಲ್ಲಿ ಸಪ್ಪೆ ಉಣ್ಸಿದ್ಲು ಅಂತ
ನಂಗೊಬ್ಳಿಗೆ ಬಿಟ್ಟು ಊರಿಗೆಲ್ಲಾ ಹೇಳ್ತ್ರಿ."

ಹೌದು. ಈಗ ಹೇಳುತ್ತಿದ್ದೇನಲ್ಲ.

ಶಾನಭಾಗರು ನಕ್ಕರು. ನಾನು ತಲೆ ತಗ್ಗಿಸಿದೆ.
ತಗ್ಗಿಸಿದ್ದಕ್ಕೆ ಕಂಡವು ಅವಳ ಪಾದ:
ಉಪ್ಪುನೀರು ಕೊರೆದ ಹಿಮ್ಮಡಿ,
ಬೆರಳ ಸಂದಿಯಲ್ಲಿ ಹಸಿ ಕೆಂಪು ಸೀಳು, ಅಂಚಿಗೆ ಬಿಳಿ.
"ಇದಕ್ಕೇನೂ ಹಚ್ಚುವುದಿಲ್ಲವೇ?
ಆಗರದ ಆಫೀಸಿನಲ್ಲಿ ಹೇಳಬಾರದೇ, ಬೂಟು ಕೊಡಿ ಅಂತ?"

ಒಂದು ಪಾದ ಹಿಂದಕ್ಕೆಳೆದು
ಇನ್ನೊಂದರ ಹಿಂದೆ ಮರೆಮಾಡಿದಳು.
ಟಾರ್ಚು ಆರಿಸಿದಳು.
"ಅಡ್ಡಿಲ್ರಾ."

ಬೆಳಿಗ್ಗೆ ಏಳಕ್ಕೆ ಸಾಲಿನಲ್ಲಿ ಮೂರನೆಯವಳು.
ಬೆರಳು ಮುಂದೆ ಚಾಚಿದಳು, ಅದೂ ಸೀಳಿತ್ತು.
ಶಾಯಿ ಹಚ್ಚುವ ಕೆಲಸ ನನ್ನದು, ಹಚ್ಚಿದೆ.
ಉರಿಯುತ್ತದೆಯೇ ಎಂದು ಕೇಳಲಿಲ್ಲ.